ಬಿಳಿ ಪಟ್ಟಿಗೆ ಮುಂಚಿನ ಮಾತು

ಟೇಪಿನ ಸ್ಪೂಲು ತಿರುಗುತ್ತಿತ್ತು. ಮಾತು ಮಾತ್ರ ಬರುತ್ತಿರಲಿಲ್ಲ.

ಗಾಜಿನ ಆಚೆ, ಮೈಕಿನ ಮುಂದೆ, ಮಾತಿನಮಲ್ಲ ಬಾಯಿ ತೆರೆದವನು ತೆರೆದಂತೆಯೇ ಉಳಿದಿದ್ದ. ರೇಡಿಯೋ ನಿಲಯದ ಕಾರ್ಯಕ್ರಮಗಳ ಮುಖ್ಯಸ್ಥನೂ ಅವನೇ, ಬೆಳಗಿನ 'ಹಾಡಿನ ಚರಿತ್ರೆಯಲ್ಲಿ ಈ ದಿನ' ಕಾರ್ಯಕ್ರಮದ ನಿರೂಪಕನೂ ಅವನೇ. ಸತ್ತವರ ಮನೆಯಲ್ಲೂ ಸುಮ್ಮನಿರದ ಆ ಮನುಷ್ಯನಿಗೆ ಅಂದು ನೇರ ಪ್ರಸಾರದಲ್ಲಿ ಮಾತು ಕಟ್ಟಿಹೋಗಿತ್ತು. ಊರಿಗೆ ಊರೇ ರೇಡಿಯೋಗೆ ಕಿವಿ ಹಚ್ಚಿ ಕೂತು ಕೇಳಿದ್ದು ಬರೀ 'ಸ್ಸ್' ಎಂಬ ಸದ್ದು. ಕೊನೆಗೆ ಟೇಪಿನ ನಡುವೆ ಅಂಟಿಸಿದ್ದ ಬಿಳಿ ಪಟ್ಟಿ ಯಂತ್ರದೊಳಗೆ ಹಾದುಹೋಯಿತು. ಅದರ ಬೆನ್ನಿಗೇ ವಯೊಲಿನ್‌ಗಳು ಎದ್ದವು. ಎಲ್ಲರಿಗೂ ಬಾಯಿಪಾಠವಾಗಿದ್ದ ಹಾಡು ಒಂದು ಚೂರೂ ಕೆಡದೆ ಹರಿದು ಬಂತು.

ಹಾಡು ಯಾರಿಗೆ ಬೇಕಿತ್ತು? ಬೇಕಿದ್ದದ್ದು ಹಾಡಿಗೆ ಮುಂಚಿನ ಮಾತು!

ಯಂತ್ರದ ಪಕ್ಕ ನಿಂತಿದ್ದ ಸ್ಪೂಲಕ್ಕ ಬಿಳಿ ಪಟ್ಟಿ ಹಾದುಹೋದ ಜಾಗವನ್ನೇ ನೋಡುತ್ತಿದ್ದಳು. ನಿಲಯದ ಟೇಪು ಭಂಡಾರ ನೋಡಿಕೊಳ್ಳುವ ಅವಳಿಗೆ ಆ ಹೆಸರಿಟ್ಟವರು ಸಹೋದ್ಯೋಗಿಗಳೇ. ಹಳೆಯ ಟೇಪುಗಳಿಗಾಗಿ ಅವಳು ನುಗ್ಗದ ಗೋದಾಮಿಲ್ಲ, ಕಾಡಿಸದ ಗುಜರಿಯವನಿಲ್ಲ. ಅಷ್ಟೆಲ್ಲ ಹುಡುಕಾಟದ ಹಿಂದೆ ಇದ್ದದ್ದು ಒಂದೇ ಹಂಬಲ. ಆ ಸುಪ್ರಸಿದ್ಧ ಹಾಡಿನ ದನಿ, ಜನ 'ಗಾಯನ ರಾಣಿ' ಎಂದು ಕರೆಯುತ್ತಿದ್ದ ಗಾಯಕಿಯದಲ್ಲ, ತನ್ನ ಅಮ್ಮನದು ಎಂದು ಜಗತ್ತಿಗೆ ತೋರಿಸಬೇಕು.

ಅಮ್ಮ ಒಂದು ಕಾಲದಲ್ಲಿ ಟ್ರ್ಯಾಕ್ ಹಾಡುತ್ತಿದ್ದವಳು. ದೊಡ್ಡ ಗಾಯಕಿ ಬರುವ ಮುನ್ನ ಅವಳಂತೆಯೇ ಹಾಡಿ, ದಾರಿ ತೋರಿಸಿ, ಅವಳು ಬಂದ ಮೇಲೆ ಎದ್ದುಹೋಗುವ ಕೆಲಸ ಅದು. ಆದರೆ ಆ ಒಂದು ದಿನ ರಾಣಿಗೆ ಜ್ವರ ಬಂತಂತೆ. ಅಮ್ಮನ ಟ್ರ್ಯಾಕನ್ನೇ ಇಟ್ಟುಕೊಂಡು ಮೇಲೆ ರಾಣಿಯ ಹೆಸರು ಹಾಕಿದರಂತೆ. ಸ್ಪೂಲಕ್ಕ ಇದನ್ನು ಕೇಳುತ್ತಲೇ ಬೆಳೆದವಳು. ಅಡುಗೆಮನೆಯಲ್ಲಿ ಅಮ್ಮ ಆ ಹಾಡು ಗುನುಗಿದರೆ ರೆಕಾರ್ಡಿಗೂ ಅದಕ್ಕೂ ಕೂದಲೆಳೆಯ ವ್ಯತ್ಯಾಸವಿರುತ್ತಿರಲಿಲ್ಲ. ಇದಕ್ಕಿಂತ ಸಾಕ್ಷಿ ಬೇಕೇ?

ಜಗತ್ತಿಗೆ ಬೇಕಿತ್ತು. ಹಳೆಯ ರೆಕಾರ್ಡಿಂಗ್ ಸ್ಟುಡಿಯೋವನ್ನು ಕೆಡವುವಾಗ ಕಸದ ಮಧ್ಯೆ ಅವಳಿಗೆ ಸೀಲು ಹಾಕಿದ ಡಬ್ಬಿ ಸಿಕ್ಕಿತು. ಮೇಲೆ ಹಾಡಿನ ಹೆಸರು, ತಾರೀಕು, 'ಮಾತುಕತೆ ಸಮೇತ' ಎಂಬ ಟಿಪ್ಪಣಿ. ಹಾಡಿಗೆ ಮುಂಚೆ ಅಲ್ಲಿ ನಡೆದ ಮಾತು ಕೇಳಿದರೆ ಸಾಕು, ಮೈಕಿನ ಮುಂದೆ ನಿಂತವರು ಯಾರೆಂದು ಗೊತ್ತಾಗುತ್ತಿತ್ತು. ಒಳಗಿನ ಟೇಪು ಹಣ್ಣಾಗಿತ್ತು. ಎಷ್ಟು ಸಲದ ಓಟ ತಡೆದೀತೋ ಹೇಳುವಂತಿರಲಿಲ್ಲ. ಹಾಗಾಗಿ ಯಾರೂ ಮುಂಚೆ ಕೇಳದೆ, ಹಾಡು ಹುಟ್ಟಿದ ತಾರೀಕಿನಂದೇ ನೇರವಾಗಿ ಪ್ರಸಾರ ಮಾಡುತ್ತ ನಕಲು ತೆಗೆಯುವುದೆಂದು ತೀರ್ಮಾನವಾಯಿತು. ಸ್ಪೂಲಕ್ಕನಿಗೂ ಅದೇ ಬೇಕಿತ್ತು. ಮೊದಲೇ ಕೇಳಿದರೆ ತಾನೇ ಏನೋ ಕೈವಾಡ ಮಾಡಿದೆನೆಂದು ಜನ ಆಡಿಕೊಳ್ಳುತ್ತಾರೆ. ಪತ್ರಿಕೆಯವರಿಗೆ ಅವಳು ಎದೆ ತಟ್ಟಿ ಹೇಳಿದ್ದಳು — "ರಾಣಿ ಕದ್ದಿದ್ದು ಏನು ಅಂತ ಆ ದಿನ ಗೊತ್ತಾಗುತ್ತೆ."

ಆ ದಿನ ಬಂದಿತ್ತು. ಗೊತ್ತಾದದ್ದು ಏನೂ ಇಲ್ಲ.

ಸ್ಟುಡಿಯೋದ ಕೆಂಪು ದೀಪ ಆರಿದೊಡನೆ ಮಾತಿನಮಲ್ಲ ಬಾಗಿಲು ದೂಡಿಕೊಂಡು ಬಂದ.

"ಏನಕ್ಕ ಇದು? ಮಾನ ಮೂರು ಕಾಸಿಗೆ ಹೋಯ್ತಲ್ಲ! ಖಾಲಿ ಟೇಪು ತಂದು ಕೊಟ್ರಾ ನನಗೆ?"

"ಖಾಲಿ ಅಲ್ಲ. ಯಾರೋ ಅಳಿಸಿದಾರೆ!"

"ರಾತ್ರಿಯೆಲ್ಲ ಬೀಗದ ಕೈ ಇದ್ದಿದ್ದು ಯಾರ ಹತ್ರ?"

ಬೀಗದ ಕೈ ಅವಳ ಬಳಿಯೇ ಇತ್ತು.

"ಕೇಳಿ. ರಾಣಿಯ ಮಗ ಆಗಲೇ ಫೋನ್ ಮಾಡಿದಾನೆ, ಕೋರ್ಟಿಗೆ ಹೋಗ್ತಾನಂತೆ. ಅಳಿಸಿದ್ದು ಯಾರು ಅಂತ ಇವತ್ತೇ ಗೊತ್ತಾಗ್ಬೇಕು. ಇಲ್ದಿದ್ರೆ ನಿಮ್ಮ ಕೆಲಸ ಹೋಯ್ತು ಅಂತ್ಲೇ ತಿಳ್ಕೊಳಿ. ನಾನಂತೂ ಅಡ್ಡ ಬರಲ್ಲ."

ಇಷ್ಟು ಹೇಳಿ ಅವನು ಕೈತೊಳೆದುಕೊಂಡ.

ನಿಲಯದ ಭದ್ರತೆ ನೋಡಿಕೊಳ್ಳುವ ಹೆಂಗಸನ್ನು ಎಲ್ಲರೂ ಇನ್ಸ್‌ಪೆಕ್ಟರಮ್ಮ ಎನ್ನುತ್ತಿದ್ದರು. ಪೊಲೀಸ್ ಇಲಾಖೆಯಿಂದ ನಿವೃತ್ತರಾದವರು. ಯಾರನ್ನೂ ನಂಬದ ಮುಖ, ಯಾರ ಮೇಲೂ ಏರದ ದನಿ. ಭಂಡಾರದ ಪಕ್ಕದ ಕೋಣೆಗೆ ಬಂದು ಅವರು ಮೊದಲು ಮಾಡಿದ ಕೆಲಸ, ಕುರ್ಚಿಯ ಧೂಳು ಒರೆಸಿ ಕೂತದ್ದು. ಹಳೆಯ ಟೇಪು ಕೇಳಲೆಂದೇ ಇಟ್ಟುಕೊಂಡ ಕೋಣೆ ಅದು. ಕಿಟಕಿಯಿಲ್ಲ. ಒಂದು ಮೇಜು, ಅದರ ಮೇಲೆ ದೊಡ್ಡ ಟೇಪ್ ಯಂತ್ರ, ಪಕ್ಕದಲ್ಲಿ ಪುಟ್ಟ ಮೈಕು, ತಲೆಯ ಮೇಲೆ ಕಿರುಗುಟ್ಟುವ ಫ್ಯಾನು.

"ನಿನ್ನೆ ಮಧ್ಯಾಹ್ನ ಇಲ್ಲಿ ಏನು ನಡೀತು? ಒಂದೂ ಬಿಡದೆ ಹೇಳಿ."

ಸ್ಪೂಲಕ್ಕ ಹೇಳಿದಳು. ಪತ್ರಿಕೆಯವರು, ಅಮ್ಮ, ಕರೆಸಿದ್ದ ರಾಣಿಯ ಮಗ, ಎಲ್ಲರ ಮುಂದೆ ಡಬ್ಬಿಯ ಸೀಲು ಒಡೆದದ್ದು. ತಂತ್ರಜ್ಞ ಸೌಂಡಣ್ಣ ಟೇಪನ್ನು ಯಂತ್ರಕ್ಕೆ ಏರಿಸಿ, "ನೋಡಿ, ಈ ಬಿಳಿ ಪಟ್ಟಿವರೆಗೆ ಮಾತು, ಆಚೆಗೆ ಹಾಡು" ಎಂದು ತೋರಿಸಿದ್ದು. ಆಮೇಲೆ ಪತ್ರಿಕೆಯ ಫೋಟೋಗೆಂದು ಎಲ್ಲರೂ ಹೊರಗಿನ ಮೆಟ್ಟಿಲಿಗೆ ಹೋದದ್ದು.

"ಎಲ್ಲರೂ?"

"ಅಮ್ಮನಿಗೆ ಮಂಡಿನೋವು, ಇಲ್ಲೇ ಕೂತಿದ್ರು. ಸೌಂಡಣ್ಣ ಸ್ಟುಡಿಯೋ ರೆಡಿ ಮಾಡೋಕೆ ಹೋದ್ರು. ರಾಣಿಯ ಮಗ ಫೋಟೋದ ಮಧ್ಯದಲ್ಲೇ ಸಿಟ್ಟು ಮಾಡ್ಕೊಂಡು ಹೊರಟುಹೋದ್ರು."

"ಎಲ್ಲಿಗೆ?"

"ಇಲ್ಲಿಗೇ! ಬ್ಯಾಗು ಬಿಟ್ಟಿದ್ರಂತೆ." ಸ್ಪೂಲಕ್ಕ ಮೇಜಿನ ಕಡೆ ಬಾಗಿದಳು. "ಮೇಡಂ, ಇದ್ರಲ್ಲಿ ಯೋಚ್ನೆ ಮಾಡೋಕೆ ಏನಿದೆ? ಆ ಮಾತು ಹೊರಗೆ ಬಂದ್ರೆ ಮುಳುಗೋರು ಯಾರು? ಅವರೇ ತಾನೆ?"

"ಅದು ಆಮೇಲೆ. ನೀವು ವಾಪಸ್ ಬಂದಾಗ ಕೋಣೆ ಹೇಗಿತ್ತು?"

"ಹೇಗಿತ್ತು ಅಂದ್ರೆ? ಹೇಗಿತ್ತೋ ಹಾಗೇ ಇತ್ತು. ಟೇಪು ಶುರುವಿನಲ್ಲೇ ನಿಂತಿತ್ತು. ಅಮ್ಮ ಒಬ್ರೇ, ಪಾಪ, ಬೆವರು ಒರೆಸ್ಕೊಳ್ತಾ ಕೂತಿದ್ರು. ಒಳಗೆ ಬೆಂದುಹೋಗೋ ಸೆಕೆ. ಫ್ಯಾನಾದ್ರೂ ಹಾಕ್ಕೊಬಾರ್ದಾ ಅಂತ ಬೈದೆ. ಆಮೇಲೆ ಬೀಗ ಹಾಕ್ದೆ. ಬೆಳಿಗ್ಗೆ ಸೌಂಡಣ್ಣ ನನ್ನ ಕಣ್ಣ ಮುಂದೇನೇ ಸ್ಪೂಲು ತಗೊಂಡ್ರು."

"ಈ ಮೈಕು ಯಾಕೆ ಇಲ್ಲಿದೆ?"

ಸ್ಪೂಲಕ್ಕನಿಗೆ ರೇಗಿತು. ಮನೆ ಹೊತ್ತಿ ಉರಿಯುವಾಗ ಈಯಮ್ಮ ಹೊಸ್ತಿಲ ಬಣ್ಣ ಕೇಳುತ್ತಿದ್ದಾರೆ!

"ನಕಲು ಮಾಡೋವಾಗ ಶುರುವಿನಲ್ಲಿ ಸ್ಪೂಲಿನ ಹೆಸರು ಹೇಳೋಕೆ. ಯಾವಾಗ್ಲೂ ತೆರೆದೇ ಇರುತ್ತೆ. ಬೇಡ ಅಂದ್ರೆ ಈ ತಿರುಗಣಿ ತಿರುಗಿಸಿ ದನಿ ಇಳಿಸ್ಬೇಕು."

ಸೌಂಡಣ್ಣ ಬಂದವನು ನಿಂತೇ ಉತ್ತರ ಕೊಟ್ಟ.

"ಅಳಿಸೋದು ಕಷ್ಟವಾ?"

"ಕಷ್ಟ ಏನ್ಬಂತು ಮೇಡಂ! ಈ ಕೆಂಪು ಗುಂಡಿ, ಈ ಕರಿ ಗುಂಡಿ, ಎರಡೂ ಒಟ್ಟಿಗೆ ಒತ್ತಿದ್ರೆ ಹಳೇದು ಹೋಗುತ್ತೆ, ಹೊಸದು ಕೂರುತ್ತೆ. ಪಟ್ಟಿ ಬಂದ ಕೂಡ್ಲೇ ನಿಲ್ಸಿ, ಹಿಂದಕ್ಕೆ ಸುತ್ತಿ ಇಟ್ರೆ ಆಯ್ತು. ಮಕ್ಕಳೂ ಮಾಡ್ತಾರೆ."

"ನೀವು ಮಾಡಿದ್ರೆ ಹೇಗೆ ಮಾಡ್ತಿದ್ರಿ?"

ಅವನ ಮುಖ ಇಂಗು ತಿಂದ ಮಂಗನಂತಾಯಿತು. "ನಾನ್ಯಾಕೆ ಮಾಡ್ಲಿ?"

"ಮಾಡಿದ್ರೆ?"

"ಮೊದಲು ಮೈಕು ಇಳಿಸ್ತೀನಿ, ಆಮೇಲೆ ಗುಂಡಿ. ಅದು ಕೈಗೆ ಬಂದಿರೋ ಅಭ್ಯಾಸ."

"ಬೆಳಿಗ್ಗೆ ತೆಗೆದ ನಕಲು ಇದೆಯಲ್ಲ? ಆ ಖಾಲಿ ಭಾಗ ಕೇಳಿಸಿ. ದನಿ ಪೂರ್ತಿ ಏರಿಸಿ."

"ಖಾಲಿ ಇರೋದನ್ನ ಏನು ಕೇಳ್ತೀರಿ ಮೇಡಂ?"

ಇನ್ಸ್‌ಪೆಕ್ಟರಮ್ಮ ಉತ್ತರಿಸದೆ ಹೆಡ್‌ಫೋನ್ ಏರಿಸಿಕೊಂಡರು. ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೆ, "ಇನ್ನೊಂದು ಸಲ" ಎಂದರು. ಸೌಂಡಣ್ಣ ಸ್ಪೂಲಕ್ಕನ ಕಡೆ ನೋಡಿ ಹುಬ್ಬು ಹಾರಿಸಿದ. ಕೇಳಿ ಮುಗಿಸಿದವರು ಒಂದು ಕ್ಷಣ ಸ್ಪೂಲಕ್ಕನನ್ನೇ ದಿಟ್ಟಿಸಿದರು. ಆ ನೋಟದಲ್ಲಿ ಕನಿಕರವಿತ್ತು. ತನ್ನ ಕೆಲಸ ಹೋಯಿತೆಂದೇ ಸ್ಪೂಲಕ್ಕ ಅಂದುಕೊಂಡಳು.

ರಾಣಿಯ ಮಗ ದಪ್ಪ ಆಳು. ತಲೆ ನರೆತಿತ್ತು. ಕೂರಿ ಎಂದರೂ ಕೂರಲಿಲ್ಲ.

"ನಮ್ಮಮ್ಮ ಸತ್ತುಹೋಗಿದಾಳೆ, ಎದ್ದು ಬಂದು ಉತ್ತರ ಕೊಡೋಕಾಗಲ್ಲ. ಅಂಥವಳನ್ನ ಪೇಪರಲ್ಲಿ ಕಳ್ಳಿ ಅಂದ್ರು ಈಕೆ! ಸಾಬೀತು ಮಾಡ್ತೀನಿ ಅಂದ್ರು. ಎಲ್ಲಿ? ಮಾಡ್ಲಿ!"

"ಸಾಬೀತನ್ನ ನೀವೇ ನುಂಗಿ ನೀರು ಕುಡಿದ್ರಲ್ಲ!" ಸ್ಪೂಲಕ್ಕ ಸಿಡಿದಳು.

"ನೀವು ಸ್ವಲ್ಪ ಸುಮ್ನಿರಿ" ಎಂದರು ಇನ್ಸ್‌ಪೆಕ್ಟರಮ್ಮ. "ಸರ್, ನಿನ್ನೆ ಬ್ಯಾಗಿಗೆ ಬಂದಾಗ ಒಳಗೆ ಯಾರಿದ್ರು?"

"ಇವರಮ್ಮ. ಬಂದಾಗ್ಲೂ ಇದ್ರು, ಹೋಗುವಾಗ್ಲೂ ಇದ್ರು. ನನ್ನ ಮುಖ ಕೂಡ ನೋಡ್ಲಿಲ್ಲ."

"ಕೋಣೆ ಹೇಗಿತ್ತು?"

"ಏನು ಪ್ರಶ್ನೆ ಇದು? ದರಿದ್ರ ಕೋಣೆ. ಆ ಫ್ಯಾನು ಕಿರ್ರೋ ಅಂತಿತ್ತು, ತಲೆ ಚಿಟ್ಟು ಹಿಡೀತು. ಬ್ಯಾಗು ತಗೊಂಡು ಹೊರಟೆ."

"ಆ ಮಾತು ಹೊರಗೆ ಬಂದ್ರೆ ನಿಮಗೆ ಭಯ ಇರ್ಲಿಲ್ವಾ?"

ಸಿಟ್ಟು ಇಳಿದ ದನಿಯಲ್ಲಿ ಹೇಳಿದ — "ಹಾಡಿರೋ ದನಿ ಎಲ್ಲಾ ಕಡೆ ಸಿಗುತ್ತೆ. ಅಮ್ಮ ಸುಮ್ನೆ ಮಾತಾಡಿರೋದು ನನ್ನ ಹತ್ರ ಒಂದೂ ಇಲ್ಲ. ಕಳ್ಳಿ ಅಂತ ಗೊತ್ತಾಗ್ಲಿ, ಏನಾದ್ರೂ ಆಗ್ಲಿ, ನನಗೆ ಅದು ಕೇಳ್ಬೇಕಿತ್ತು."

ನಾಟಕ, ಎಂದು ಸ್ಪೂಲಕ್ಕ ಮನಸ್ಸಿನಲ್ಲೇ ಮೂಗು ಮುರಿದಳು.

ಕೊನೆಗೆ ಅಮ್ಮ. ಸ್ಪೂಲಕ್ಕನೇ ತೋಳು ಹಿಡಿದು ಕರೆತಂದು ಕೂರಿಸಿದಳು. ಸಣ್ಣಗೆ, ನೆಟ್ಟಗೆ, ತುಟಿ ಬಿಗಿದು ಕೂತಳು ಅಮ್ಮ. ಇಷ್ಟು ವರ್ಷ ಕಾದದ್ದು ಕೈಗೆ ಬಂದೂ ಬಾಯಿಗೆ ಬಾರದೆ ಹೋಯಿತಲ್ಲ ಎಂದುಕೊಳ್ಳುತ್ತ ಮಗಳು ಪಕ್ಕದಲ್ಲೇ ಕೂತಳು.

"ಅಮ್ಮಾ, ನೀವು ನಿನ್ನೆ ಇಲ್ಲಿಂದ ಕದಲಲೇ ಇಲ್ವಾ?"

"ಅವನು ಬಂದ್ನಲ್ಲ, ಅವಳ ಮಗ, ನಂಗೆ ಅವನ ಮುಖ ನೋಡೋಕಾಗ್ಲಿಲ್ಲ. ಮುಖ ತೊಳೆಯೋಕೆ ಅಂತ ಎದ್ದುಹೋದೆ. ಬಂದಾಗ ಅವನಿರ್ಲಿಲ್ಲ."

"ಸುಳ್ಳು!" ಬಾಗಿಲಲ್ಲಿ ನಿಂತಿದ್ದ ರಾಣಿಯ ಮಗ ಕೂಗಿದ.

"ನಮ್ಮಮ್ಮ ಯಾಕ್ರೀ ಸುಳ್ಳು ಹೇಳ್ತಾರೆ? ಆ ಟೇಪು ಅವರ ಬದುಕು!" ಸ್ಪೂಲಕ್ಕ ಎದ್ದು ನಿಂತಳು.

ಇನ್ಸ್‌ಪೆಕ್ಟರಮ್ಮ ಅವನ ಜೊತೆಗೆ ಮಾತಿನಮಲ್ಲನನ್ನೂ ಸೌಂಡಣ್ಣನನ್ನೂ ಒಳಗೆ ಕರೆದು ಬಾಗಿಲು ಹಾಕಿಸಿದರು. ಹೆಡ್‌ಫೋನಿನ ತಂತಿ ಕಿತ್ತು, ದನಿ ಪೂರ್ತಿ ಏರಿಸಿ, ಬೆಳಗಿನ ನಕಲನ್ನು ಹಾಕಿದರು.

"ಖಾಲಿ, ಖಾಲಿ ಅಂತ ಎಲ್ಲರೂ ಅಂದ್ರಿ. ಯಾರೂ ಕೇಳ್ಲಿಲ್ಲ. ಈಗ ಕೇಳಿ."

'ಸ್ಸ್' ಸದ್ದಿನ ಅಡಿಯಲ್ಲಿ, ಬಲು ಕ್ಷೀಣವಾಗಿ, ಕಿರ್... ಕಿರ್... ಕಿರ್...

"ಇದು ಈ ಫ್ಯಾನು" ಎಂದರು ಇನ್ಸ್‌ಪೆಕ್ಟರಮ್ಮ.

ಟಕ್.

"ಇದು ಸ್ವಿಚ್ಚು."

ಕಿರುಗುಟ್ಟುವುದು ನಿಧಾನವಾಯಿತು, ಇನ್ನೂ ನಿಧಾನವಾಯಿತು, ನಿಂತಿತು. ಆಮೇಲೆ ಏನೂ ಇಲ್ಲ. ಕೆಮ್ಮಿಲ್ಲ, ಹೆಜ್ಜೆಯಿಲ್ಲ, ಉಸಿರೂ ಇಲ್ಲ.

"ಅಳಿಸಿದ್ದು ಇದೇ ಕೋಣೇಲಿ, ಈ ಮೈಕು ತೆರೆದಿದ್ದಾಗ. ಹಾಗಾದ್ರೆ ಸೌಂಡಣ್ಣ ಅಲ್ಲ, ಅವರ ಕೈ ಮೊದಲು ಮೈಕು ಇಳಿಸುತ್ತೆ. ಸ್ಪೂಲಕ್ಕನೂ ಅಲ್ಲ, ಅವರಿಗೂ ಆ ತಿರುಗಣಿ ಗೊತ್ತು. ಈ ಸರ್? ಕದ್ದು ಅಳಿಸೋಕೆ ಬಂದವರು ಈ ಸೆಕೇಲಿ ಫ್ಯಾನ್ ಯಾಕೆ ಆರಿಸ್ತಾರೆ? ಅಳಿಸೋಕೂ ಫ್ಯಾನಿಗೂ ಏನು ಸಂಬಂಧ?"

ಅವರು ಯಂತ್ರದ ಕೆಂಪು ಗುಂಡಿಯ ಮೇಲೆ ಬೆರಳಿಟ್ಟರು.

"ಆದ್ರೆ ಕೆಂಪು ಗುಂಡಿ ಒತ್ತಿದ ತಕ್ಷಣ ಇಲ್ಲಿ ಒಂದು ಕೆಂಪು ದೀಪ ಹತ್ತುತ್ತೆ. ಅದನ್ನ ನೋಡಿದ ಕೂಡಲೇ ಎದ್ದುಹೋಗಿ ಫ್ಯಾನ್ ಆರಿಸೋರು ಯಾರು? ಆರಿಸಿ, ಮಿಸುಕಾಡದೆ, ಉಸಿರು ಕೇಳಿಸದ ಹಾಗೆ ಅಷ್ಟು ಹೊತ್ತು ನಿಲ್ಲೋರು ಯಾರು? ಯಂತ್ರ ನಡೆಸೋರಲ್ಲ. ಯಂತ್ರದ ಮುಂದೆ ನಿಂತು ಬದುಕು ಕಳೆದೋರು. ಮೈಕು ಏರಿಸೋದು ಇಳಿಸೋದು ಗಾಜಿನ ಆಚೆಯವರ ಕೆಲಸ. ಇವರಿಗೆ ಕಲಿಸಿದ್ದು ಒಂದೇ — ಕೆಂಪು ದೀಪ ಹತ್ತಿದ್ರೆ ಸದ್ದು ಆಗಬಾರದು." ಅವರು ತಿರುಗಿದರು. "ಸ್ಪೂಲಕ್ಕ ಬಂದಾಗ ಫ್ಯಾನ್ ನಿಂತಿತ್ತು. ಅದನ್ನ ಮತ್ತೆ ಹಾಕೋದು ಮರೆತುಬಿಟ್ರಿ. ಅಲ್ವಾ, ಅಮ್ಮ?"

ಸ್ಪೂಲಕ್ಕ ನಕ್ಕಳು. ನಿಜಕ್ಕೂ ನಗು ಬಂತು ಅವಳಿಗೆ. "ತಲೆ ಸರಿ ಇದೆಯಾ ಮೇಡಂ? ಅಮ್ಮ, ಹೇಳಮ್ಮ ಇವರಿಗೆ!"

ಅಮ್ಮ ಮಗಳ ಕಡೆ ನೋಡಲಿಲ್ಲ. ಮೇಜಿನ ಮೇಲಿನ ಮೈಕನ್ನೇ ನೋಡುತ್ತ ಹೇಳಿದಳು — "ಹಾಡು ನಂಗೇ ಕೊಟ್ಟಿದ್ಲು ಕಣೆ ಅವಳು."

"ಏನು?"

"ಜ್ವರದಲ್ಲೇ ಬಂದಿದ್ಲು. ನನ್ನ ಟ್ರ್ಯಾಕು ಕೇಳಿದ್ಲು. ಸಂಗೀತದ ಮೇಷ್ಟ್ರಿಗೆ ಹೇಳಿದ್ಲು, ಈ ಹುಡುಗೀನೇ ಹಾಡ್ಲಿ, ಹೆಸರೂ ಇವಳದ್ದೇ ಹಾಕಿ ಅಂತ. ನನ್ನ ಕೈ ಹಿಡ್ಕೊಂಡು ಮೈಕಿನ ಮುಂದೆ ನಿಲ್ಲಿಸಿದ್ಲು. ಮೇಷ್ಟ್ರು ಅಂದ್ರು, ರಾಣಿ ಥರ ಬೇಡ, ನಿನ್ನ ಥರ ಹಾಡು." ಅಮ್ಮ ಮೈಕಿನಿಂದ ಕಣ್ಣು ಕಿತ್ತಳು. "ನನ್ನ ಥರ ಅಂದ್ರೆ ಹೇಗೆ ಅಂತ ನಂಗೆ ಗೊತ್ತಾಗ್ಲಿಲ್ಲ. ಬಾಯಿ ತೆಗೆದ್ರೆ ಅವಳ ದನೀನೇ ಬರೋದು. ಎಷ್ಟು ಸಲ ಶುರು ಮಾಡಿದ್ರೂ ಅಷ್ಟೇ. ಕೊನೆಗೆ ಏನೂ ಬರ್ಲಿಲ್ಲ. ಅವಳೇ ಹಾಡಿದ್ಲು, ಮೈ ಸುಡ್ತಿತ್ತು, ಆದ್ರೂ ಹಾಡಿದ್ಲು. ಟೇಪು ಓಡ್ತಾನೇ ಇತ್ತು. ಎಲ್ಲಾ ಅದ್ರಲ್ಲಿತ್ತು."

"ಮತ್ತೆ ನನಗೆ ಯಾಕಮ್ಮ..."

"ನೀನು ಚಿಕ್ಕವಳು. ರೇಡಿಯೋ ಕೇಳಿ, ಅಮ್ಮ ಇದು ನೀನೇ ಅಲ್ವಾ ಅಂದೆ. ನಾನು ಹೂಂ ಅಂದೆ. ನಿನ್ನ ಮುಖ ಎಷ್ಟು ಅರಳಿತು ಗೊತ್ತಾ? ಆಮೇಲೆ ಆ ಹೂಂ ವಾಪಸ್ ತಗೊಳ್ಳೋಕೆ ಆಗ್ಲಿಲ್ಲ. ಕೇಳಿದಾಗಲೆಲ್ಲ ಅದಕ್ಕೆ ಒಂದೊಂದು ಮಾತು ಸೇರಿಸ್ತಾ ಬಂದೆ."

"ನನ್ನ ಕೆಲಸ ಹೋಗ್ತಿತ್ತಮ್ಮ! ಈ ಮನುಷ್ಯನ ತಲೆ ಮೇಲೆ ಕಟ್ಟೋಕೆ ಹೊರಟಿದ್ದೆ ನೀನು!"

"ಹೂಂ" ಎಂದಳು ಅಮ್ಮ. "ನೀನು ನನ್ನ ನೋಡೋ ಕಣ್ಣು ಹಾಗೇ ಇದ್ರೆ ಸಾಕಿತ್ತು ನಂಗೆ. ಬೇರೆ ಏನು ಹೋದ್ರೂ ಹೋಗ್ಲಿ ಅನ್ನಿಸ್ತು."

ಮಾತಿನಮಲ್ಲ ಗಂಟಲು ಸರಿಮಾಡಿಕೊಂಡ. ಕಳೆದುಹೋಗಿದ್ದ ಮಾತು ಅವನಿಗೆ ವಾಪಸ್ ಬಂದಿತ್ತು. "ಅಂದ್ರೆ, ಅಕ್ಕನ ತಪ್ಪಿಲ್ಲ ಅಂತಾಯ್ತು. ಕೆಲಸದ ಚಿಂತೆ ಬಿಡಿ. ನಾಳೆ ಬೆಳಿಗ್ಗೆ ಹೇಗೋ ಸರಿಮಾಡೋಣ. ಆ ಹಾಡು ಯಾರದು ಅನ್ನೋ ಗುಟ್ಟು ಗುಟ್ಟಾಗೇ ಉಳೀತು ಅಂದ್ರೆ ಕೇಳೋರಿಗೂ ಒಂದು ಮಜಾ ಇರುತ್ತೆ."

"ಗುಟ್ಟೇನೂ ಇಲ್ಲ. ಹಾಡಿದ್ದು ರಾಣಿ" ಎಂದಳು ಸ್ಪೂಲಕ್ಕ. ಆ ನಾಲ್ಕು ಮಾತು ಹೊರಬರುವಷ್ಟರಲ್ಲಿ ಅವಳ ನಾಲಿಗೆಯೆಲ್ಲ ಕಹಿಯಾಗಿತ್ತು. ರಾಣಿಯ ಮಗನ ಎದುರು ಕೈ ಜೋಡಿಸಿದಳು. "ತಪ್ಪಾಯ್ತು. ಯಾವ ಪೇಪರಲ್ಲಿ ಹೇಳಿದ್ನೋ ಅದ್ರಲ್ಲೇ ನನ್ನ ಬಾಯಿಂದ್ಲೇ ಹೇಳ್ತೀನಿ."

"ಹೇಳಿ. ಯಾರು ನಂಬ್ತಾರೆ?" ಅವನು ಕುರ್ಚಿಯಲ್ಲಿ ಕುಸಿದ. "ಹೆದರಿಸಿ ಹೇಳಿಸಿದ್ರು ಅಂತಾರೆ. ನಮ್ಮಮ್ಮ ಕಳ್ಳಿ ಅಲ್ಲ ಅನ್ನೋಕೆ ಇದ್ದಿದ್ದು ಆ ಮಾತು ಒಂದೇ. ಅದನ್ನೇ ಇವರು ತಿಂದುಹಾಕಿದ್ರು."

ಅಪರಾಧಿ ಸಿಕ್ಕಿದ್ದಳು. ಕಳುವಾದದ್ದು ಮಾತ್ರ ಇನ್ನು ಯಾರಿಗೂ ಸಿಗುವಂತಿರಲಿಲ್ಲ.

ಅವನು ತಲೆಯೆತ್ತಿ ಮುದುಕಿಯ ಕಡೆ ನೋಡಿದ. "ಒಂದು ಹೇಳಿ. ಅವತ್ತು ಅಮ್ಮ ನಿಮಗೆ ಅದನ್ನ ಹೇಗೆ ಹೇಳಿದ್ಲು?"

ಅಮ್ಮ ಬೆನ್ನು ನೆಟ್ಟಗೆ ಮಾಡಿದಳು. ಬಾಯಿ ತೆರೆದಳು. ಹೊರಬಂದದ್ದು ಬೇರೆಯೇ ದನಿ. ಹರೆಯದ ದನಿ, ಜ್ವರದಿಂದ ತುಸು ಒಡೆದದ್ದು, ಅಂಚಿನಲ್ಲಿ ಸಣ್ಣ ನಗು ಇದ್ದದ್ದು —

"ನೀನೇ ಹಾಡು ತಂಗಿ. ಹೆದರ್ಬೇಡ. ನಾನು ಇಲ್ಲೇ ಪಕ್ಕದಲ್ಲಿ ನಿಂತಿರ್ತೀನಿ."

ಅವನ ಮುಖ ಮಗುವಿನ ಮುಖವಾಯಿತು. ಎರಡೂ ಕೈಗಳಿಂದ ಅದನ್ನು ಮುಚ್ಚಿಕೊಂಡ. ಬೆರಳುಗಳ ಸಂದಿಯಿಂದಲೇ ಕೇಳಿದ — "ಇನ್ನೊಂದು ಸಲ."

ಅಮ್ಮ ಇನ್ನೊಂದು ಸಲ ಹೇಳಿದಳು.

ಸ್ಪೂಲಕ್ಕನಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಬಾಗಿಲು ತೆಗೆದುಕೊಂಡು ಹೊರಗೆ ಬಂದಳು. ಉದ್ದದ ಕಾರಿಡಾರಿನಲ್ಲಿ ಗೋಡೆಗೊರಗಿ ನಿಂತಳು. ಬಾಗಿಲಿನ ಆಚೆ ಅವನು ಮತ್ತೆ ಮತ್ತೆ ಕೇಳುತ್ತಿದ್ದ, ಸತ್ತ ಹೆಂಗಸಿನ ದನಿ ಮತ್ತೆ ಮತ್ತೆ ಅಷ್ಟೇ ಅಕ್ಕರೆಯಿಂದ ತಂಗಿ ಎನ್ನುತ್ತಿತ್ತು. ಕಿವಿ ಮುಚ್ಚಿಕೊಂಡು ಅವಳು ಅಮ್ಮನ ದನಿಯನ್ನು ನೆನೆಯಲು ನೋಡಿದಳು. ಲಾಲಿ ಹಾಡಿದ ದನಿ, ಬೈದ ದನಿ, ಊಟಕ್ಕೆ ಕರೆದ ದನಿ. ಒಂದೊಂದೂ ಆ ಹಾಡಿನ ಹೆಂಗಸಿನದೇ ಆಗಿತ್ತು.

ಅಮ್ಮನ ಸ್ವಂತ ದನಿ ಯಾವುದೆಂದು ಅವಳಿಗೆ ಗೊತ್ತಿರಲಿಲ್ಲ.